ಸೋಮವಾರದ ರಕ್ತ

ನವೆಂಬರ್ 6, ಸೋಮವಾರ

ಇವತ್ತೂ ಅದೇ ರಾಗ. ನನ್ನ ರಕ್ತದಲ್ಲಿ ಕಿಣ್ವ ಏರಿದೆಯಂತೆ.

ಕುಮಾಸಿ ನಗರದ ಆಸ್ಪತ್ರೆಗೆ ಹೋಗಿ, ಚರ್ಮದ ಡಾಕ್ಟರ ಬಾಗಿಲಲ್ಲಿ ಬೆಳಗಿನಿಂದ ಬೆಂಚು ಕಾಯಿಸಿ, ತೋಳು ಚಾಚಿ ಸೂಜಿ ಚುಚ್ಚಿಸಿಕೊಂಡು ಬಂದದ್ದಕ್ಕೆ ಸಿಕ್ಕ ಪ್ರಸಾದ ಇಷ್ಟು. ಡಾಕ್ಟರ್ ಕ್ವಾಂಸಾ ಒಳ್ಳೆಯ ಹೆಣ್ಣುಮಗಳೇ. ಕರಾವಳಿ ಕಡೆಯವಳು, ಮಾತು ಮೃದು. ಆದರೆ ಪರೀಕ್ಷೆಯ ಕಾಗದ ಕೈಗೆ ಬಂದ ಕೂಡಲೇ ಅವಳ ಮುಖ ರಸ್ತೆಯಲ್ಲಿ ಲಾರಿ ತಡೆಯುವ ಪೊಲೀಸಿನವನ ಮುಖವಾಗುತ್ತದೆ.

"ತಾತ, ಕುಡೀತೀರಾ?"

"ಇಲ್ಲಮ್ಮ."

"ಸ್ವಲ್ಪ? ಸಾವು ನೋವು ಅಂದಾಗ?"

"ಸಾವಿನ ಮನೇಲಿ ಹಿರಿಯರಿಗೆ ಅಂತ ನೆಲಕ್ಕೆ ಎರೀತೀವಿ. ನೆಲ ಕುಡಿಯುತ್ತೆ. ನನಗೆ ಖಾಲಿ ಲೋಟ ಉಳಿಯುತ್ತೆ."

ನಗಲಿಲ್ಲ. ಮೈ ಮುರಿಯುವ ಕೆಲಸ ಏನಾದರೂ ಇದೆಯೇ ಎಂದಳು. ಕೋಕೋ ತೋಟ ಗೇಣಿಗೆ ಕೊಟ್ಟಾಗಿದೆ, ಲಾರಿಗಳ ಹಣೆಯ ಮೇಲೆ ಅಕ್ಷರ ಬರೆಯುವುದನ್ನೂ ಬಿಟ್ಟೆ, ಕೆಲಸವೇ ಇಲ್ಲದ ಮುದುಕ ಎಂದೆ. ಮತ್ತೆ ಹೊತ್ತು ಹೇಗೆ ಕಳೆಯುತ್ತೀರಿ ಎಂದಳು. "ಮಾತಾಡ್ತೀನಮ್ಮ" ಎಂದೆ. ನಿಜವನ್ನೇ ಹೇಳಿದೆ. ಊರಿನ ಜೋಡಿ ನಗಾರಿ ನನ್ನದು. ನಗಾರಿ ಏರುತಗ್ಗಿನ ಪೆಟ್ಟಿನಲ್ಲೇ ಹೆಸರು ಹೇಳಿ ಮಾತಾಡುತ್ತದೆ, ನಾನು ಅದರ ನಾಲಿಗೆ. ಅದನ್ನು ಯಾರಾದರೂ ಕೆಲಸ ಎನ್ನುತ್ತಾರೆಯೇ?

ಕಿಣ್ವವೆಂದರೆ ಏನೆಂದು ನಾನೂ ಕೇಳಿದೆ. ಗಟ್ಟಿ ಮಾಂಸವನ್ನು ಪರಂಗಿ ಎಲೆಯಲ್ಲಿ ಸುತ್ತಿಟ್ಟರೆ ಮೆತ್ತಗಾಗುತ್ತದಲ್ಲ, ಎಲೆಯೊಳಗೆ ಕೂತು ಆ ಕೆಲಸ ಮಾಡುವುದೇ ಕಿಣ್ವವಂತೆ. ಅಂಥವು ನಮ್ಮ ಮೈಯೊಳಗೂ ಸಾವಿರ ಬಗೆ ಇವೆಯಂತೆ. ಲಿವರ್‌ಗೆ ಪೆಟ್ಟಾದರೆ ಅದರೊಳಗಿನವು ಸೋರಿ ರಕ್ತಕ್ಕೆ ಬರುತ್ತವೆ. ನನ್ನ ಹಾಗೆ ಸೋರಿಯಾಸಿಸ್ ಚರ್ಮರೋಗ ಇರುವವರ ರಕ್ತದಲ್ಲಿ ಇಂಥ ಕಿಣ್ವಗಳು ಹೇಗಿರುತ್ತವೆ ಎಂದು ಅವಳು ಏನೋ ಅಧ್ಯಯನವನ್ನೂ ಮಾಡುತ್ತಿದ್ದಾಳೆ. ನಮ್ಮೆಲ್ಲರ ರಕ್ತದಲ್ಲಿ ಒಂದು ಪಾಲು ಅವಳ ಐಸ್ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿ ನಾನೂ ಮೀನಿನ ಹಾಗೆ ತಣ್ಣಗೆ ಮಲಗಿದ್ದೇನೆ.

ಹೀಗೇ ಏರುತ್ತಿದ್ದರೆ ಚರ್ಮಕ್ಕೆಂದು ಕೊಡುವ ವಾರದ ಮಾತ್ರೆ ನಿಲ್ಲಿಸಬೇಕಾಗುತ್ತದೆ ಎಂದಳು. ಆ ಮಾತ್ರೆ ಬರುವ ಮೊದಲು ನನ್ನ ಅಂಗೈ ಮೊಸಳೆ ಬೆನ್ನಾಗಿತ್ತು. ಕುಷ್ಠ ಎಂದು ಪಿಸುಗುಟ್ಟಿದವರು ನನ್ನ ಮನೆಯ ಲೋಟ ಮುಟ್ಟುತ್ತಿರಲಿಲ್ಲ. ಮಳೆಗಾಲದಿಂದ ಈಚೆಗೆ ಕೈ ಕೈಯಾಗಿದೆ. ಅದನ್ನು ಕಿತ್ತುಕೊಳ್ಳುತ್ತಾರಂತೆ, ಒಂದು ಕಾಗದದ ಮೇಲಿನ ಅಂಕಿಗಾಗಿ!

ನವೆಂಬರ್ 12, ಭಾನುವಾರ

ನಿನ್ನೆ ಶಾಲೆಯ ಮೇಷ್ಟ್ರ ತಾಯಿಯ ಕಾರ್ಯ. ಸಾಯುವವರು ಯಾವ ವಾರವಾದರೂ ಸಾಯಲಿ, ಕಾರ್ಯ ಮಾತ್ರ ಶನಿವಾರ. ಶನಿವಾರವನ್ನು ಮನೆಯಲ್ಲಿ ಕಳೆದ ನೆನಪೇ ನನಗಿಲ್ಲ.

ಬೆಳಕು ಹರಿದಾಗ ಕೋಲು ಎತ್ತಿದವನು ಸೂರ್ಯ ಇಳಿದ ಮೇಲೆ ಕೆಳಗಿಟ್ಟೆ. ಮುದುಕಿಯ ಅಜ್ಜಿಯ ಅಜ್ಜಿಯ ಹೆಸರಿನವರೆಗೆ ನಗಾರಿ ಹೇಳಿತು. ಮೇಷ್ಟ್ರು ಅತ್ತರು. ಬಂದವರೆಲ್ಲ ಪದ್ಧತಿಯ ಹಾಗೆ ಬಲದಿಂದ ಎಡಕ್ಕೆ, ಸಾಲಾಗಿ ಕೂತವರ ಕೈ ಕುಲುಕುತ್ತ ಹೋದರು. ನಾನೊಬ್ಬ ಆ ಸಾಲಿನಿಂದ ಹೊರಗೆ. ಎರಡು ಕೈಯಲ್ಲೂ ಕೊಕ್ಕೆಕೋಲು ಹಿಡಿದವನ ಕೈಯನ್ನು ಯಾರೂ ಕೇಳುವುದಿಲ್ಲ. ಕೈ ಕೆಟ್ಟಿದ್ದ ಕಾಲದಲ್ಲೂ ನನ್ನ ಮಾನ ಕಾಯ್ದದ್ದು ಆ ಎರಡು ಕೋಲುಗಳೇ.

ಮಧ್ಯಾಹ್ನ ತಾಚಿ ಹತ್ತಿರ ಬಂದ. ನನ್ನ ಅಕ್ಕ ಪೊಕುವಾಳ ಮಗ. ನಾಳೆ ನನ್ನ ನಂತರ ಮನೆ, ನಗಾರಿ ಎಲ್ಲ ಈ ಸೋದರಳಿಯನಿಗೇ ಹೋಗಬೇಕು. ನಲವತ್ತು ದಾಟಿದೆ, ಬಾಡಿಗೆ ವ್ಯಾನ್ ಓಡಿಸುತ್ತಾನೆ, ಶನಿವಾರ ನನ್ನ ಪಕ್ಕದಲ್ಲಿ ಕಬ್ಬಿಣದ ಗಂಟೆ ಬಡಿಯುತ್ತಾನೆ.

"ಮಾವ, ಊಟ ಮಾಡ್ಕೊಂಡು ಬನ್ನಿ. ಅಲ್ಲೀವರೆಗೂ ನಾನು ಹಿಡೀತೀನಿ."

"ನಿಂದು ಗೇರ್ ಹಾಕೋ ಕೈ. ನೀನು ಬಾರಿಸಿದ್ರೆ ಸತ್ತೋಳು ಎದ್ದು ಬಸ್ ಸ್ಟಾಂಡಿಗೆ ಹೋಗ್ತಾಳೆ."

ಎಲ್ಲರೂ ನಕ್ಕರು. ಅವನೂ ನಕ್ಕ. ಅವನ ದೊಡ್ಡ ಗುಣವೆಂದರೆ ಅದೊಂದೇ.

ಇವತ್ತು ಭುಜದಿಂದ ಕೆಳಗೆ ತೋಳು ನನ್ನದಲ್ಲ. ಫುಫು ಮುದ್ದೆಯ ತುತ್ತು ಬಾಯಿಗೆ ಹೋಗಲು ಒಲ್ಲದು. ಅಕ್ಕ ಬಟ್ಟಲು ಮುಂದಕ್ಕೆ ತಳ್ಳುತ್ತ, "ಲೇ ಬೊನ್ಸು, ತಲೆ ಬಾಚ್ಕೊಳ್ಳೋಕೆ ಕೈ ಏಳಲ್ಲ, ಠೀವಿ ಮಾತ್ರ ಆನೆಯಷ್ಟು" ಎಂದಳು. ಅವಳ ಬೇರಿನ ಕಷಾಯ ಕುಡಿದು ಮಲಗಿದೆ.

ನವೆಂಬರ್ 20, ಸೋಮವಾರ

ಮತ್ತೆ ಏರಿದೆ. ಈ ಸಲ ಕಳ್ಳ ಸಿಕ್ಕ ಎಂಬಂತೆ ಡಾಕ್ಟರ್ ಕೇಳಿದಳು: "ನಾಟಿ ಔಷಧಿ ಏನಾದರೂ?" ಅಕ್ಕನ ಕಷಾಯದ ವಿಷಯ ಬಾಯಿ ತಪ್ಪಿ ಬಂತು. "ಅದೇ ಇರಬೇಕು. ಇವತ್ತಿಂದ ನಿಲ್ಲಿಸಿ" ಎಂದಳು.

ಮನೆಗೆ ಬಂದು ಅಕ್ಕನಿಗೆ ಹೇಳಬಾರದಿತ್ತು. ಹೇಳಿದೆ.

"ನನ್ನ ಕಷಾಯ ವಿಷಾನಾ? ನಿನ್ನ ಎತ್ತಿ ಆಡಿಸಿದ ಕೈ ಇದು! ಇಡೀ ಕೇರಿ ಕುಡಿದು ಗುಂಡುಕಲ್ಲಿನ ಹಾಗಿದೆ. ಆ ಹುಡುಗಿ ಹುಟ್ಟೋ ಮೊದಲು ನಾನು ಈ ಬೇರು ಅಗೀತಿದ್ದೆ. ಹೋಗು, ಅವಳ ಹತ್ರಾನೇ ಊಟ ಕೇಳು."

ಮಡಕೆಯನ್ನು ಅಂಗಳದಲ್ಲಿ ಬೋರಲು ಹಾಕಿದಳು. ಕೋಳಿಗಳು ಮೂಸಿ ದೂರ ಹೋದವು.

ನವೆಂಬರ್ 21

ಅಕ್ಕ ಮಾತಾಡುತ್ತಿಲ್ಲ. ಸಾರಿಗೆ ಉಪ್ಪೂ ಹಾಕಿಲ್ಲ.

ಡಿಸೆಂಬರ್ 4, ಸೋಮವಾರ

ಕಷಾಯ ಮುಟ್ಟಿಲ್ಲ. ಹನಿ ಮದ್ಯ ಮುಟ್ಟಿಲ್ಲ. ಡಾಕ್ಟರ್ ಹೇಳಿದಳೆಂದು ಎಣ್ಣೆಯಲ್ಲಿ ಕರಿದ ಬಾಳೆಯನ್ನೂ ಬಿಟ್ಟೆ. ಮೊನ್ನೆ ಶನಿವಾರ ಪಕ್ಕದೂರಿನ ಮುಖಂಡನ ಕಾರ್ಯದಲ್ಲಿ ಎಲ್ಲರೂ ಕರಿದ ಬಾಳೆ ತಿನ್ನುವಾಗ ನಾನು ನೀರು ಕುಡಿದು ಇಡೀ ದಿನ ನಗಾರಿ ಬಾರಿಸಿದೆ. ಇಷ್ಟೆಲ್ಲ ವ್ರತ ಹಿಡಿದವನ ರಕ್ತ ಇವತ್ತು ಎಂದಿಗಿಂತಲೂ ಕೆಟ್ಟಿದೆಯಂತೆ!

"ಹಾಗಾದ್ರೆ ಮಾತ್ರೇನೇ ಕಾರಣ. ನಿಲ್ಲಿಸಲೇಬೇಕು ತಾತ."

"ಕೈ ಹೋಗುತ್ತಮ್ಮ."

"ನನಗೂ ಇಷ್ಟವಿಲ್ಲ. ಆದರೆ ಕೈ ಉಳಿಸೋಕೆ ಹೋಗಿ ಲಿವರ್ ಕಳೀಲಾ?"

ನಾನು ಕೂಗಾಡಿದೆ. ಹೊರಗೆ ಬೆಂಚಿನಲ್ಲಿ ಕೂತವರೆಲ್ಲ ಇಣುಕಿದರು. ಅವಳು ಸುಮ್ಮನೆ ಕೇಳಿಸಿಕೊಂಡು, ಮುಲಾಮಿನ ಡಬ್ಬಿ ಕೊಟ್ಟು, ಬಾಗಿಲವರೆಗೆ ಬಂದು ಕಳಿಸಿದಳು. ಅವಳು ತಿರುಗಿ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಡಿಸೆಂಬರ್ 5

ಬರೆಯಲು ಏನೂ ಇಲ್ಲ.

ಡಿಸೆಂಬರ್ 24, ಭಾನುವಾರ

ಮರಳುಗಾಡಿನ ಒಣಗಾಳಿ ಇಳಿದಿದೆ. ಬಾಗಿಲ ಮರವೇ ಸೀಳುವಾಗ ನನ್ನ ಚರ್ಮ ಯಾವ ಲೆಕ್ಕ? ಮೊದಲು ಮೊಣಕೈ, ಆಮೇಲೆ ಮಂಡಿ, ಈಗ ಅಂಗೈ. ಬಿಳಿಯ ಹೊಟ್ಟು ಚಾಪೆಯ ಮೇಲೆ ಉದುರುತ್ತದೆ. ಬೆಳಿಗ್ಗೆ ಅಕ್ಕ ನಾನು ಏಳುವ ಮೊದಲೇ ಬಂದು ಗುಡಿಸಿ ಹೋಗುತ್ತಾಳೆ. ಮಾತು ಇನ್ನೂ ಬಿಗಿ. ಗುಡಿಸುವುದು ಮಾತ್ರ ತಪ್ಪಿಲ್ಲ.

ನಿನ್ನೆ ಕಾರ್ಯದಲ್ಲಿ ಕೋಲು ಹಿಡಿದು ನಿಂತೆ. ಪೀಠಿಕೆ ಮುಗಿಯುವಷ್ಟರಲ್ಲಿ ಅಂಗೈ ಬಾಯಿ ಬಿಟ್ಟಿತು. ಕೋಲಿಗೆ ರಕ್ತ, ನಗಾರಿಯ ಮುಖಕ್ಕೂ ರಕ್ತ. ಜನ ನೋಡಿದರು. ಕೋಲನ್ನು ತಾಚಿಯ ಮುಂದೆ ನೆಲಕ್ಕೆ ಹಾಕಿ ಮನೆಗೆ ನಡೆದೆ. ಕೈಗೆ ಕೊಟ್ಟೆ ಎಂದು ಯಾರೂ ಹೇಳುವ ಹಾಗಿಲ್ಲ.

ಬೆನ್ನ ಹಿಂದೆ ಅವನು ಬಾರಿಸುವುದು ದಾರಿಯುದ್ದಕ್ಕೂ ಕೇಳುತ್ತಿತ್ತು. ದೇವರೇ, ತೊದಲುವವನು ಜಗಳಕ್ಕೆ ನಿಂತ ಹಾಗೆ!

ಜನವರಿ 8, ಸೋಮವಾರ

ಡಾಕ್ಟರ್ ಕ್ವಾಂಸಾ ಇವತ್ತು ನಕ್ಕಳು. ಕಿಣ್ವ ಇಳಿದಿದೆ. "ನೋಡಿ ತಾತ, ಮಾತ್ರೆ ನಿಲ್ಲಿಸಿದ್ವಿ, ಲಿವರ್ ಸುಧಾರಿಸ್ತು."

ನಾನು ಎರಡೂ ಅಂಗೈಯನ್ನು ಅವಳ ಮೇಜಿನ ಮೇಲೆ ಇಟ್ಟೆ. ಅವಳ ನಗು ನಿಂತಿತು.

ಕಾಗದದ ಮೇಲೆ ನಾನೀಗ ಊರಿಗೇ ಆರೋಗ್ಯವಂತ. ಬಟ್ಟೆಯ ಗುಂಡಿ ಮಾತ್ರ ಅಕ್ಕ ಹಾಕಬೇಕು.

ಜನವರಿ 14, ಭಾನುವಾರ

ತಾಚಿಯ ಕಾಟ ತಡೆಯಲಾಗುತ್ತಿಲ್ಲ. ನಾನು ಮೂರು ಶನಿವಾರಗಳಿಂದ ಮನೆಯಲ್ಲಿ ಕೂತಿದ್ದೇನೆ, ಅವನು ಹೋಗಿ ಊರಿನ ಹೆಣಗಳ ಮುಂದೆ ಬಾಯಿಗೆ ಬಂದದ್ದು ಬಾರಿಸಿ ಬರುತ್ತಾನೆ. ನಿನ್ನೆ ಒಬ್ಬ ಮುದುಕನ ತಾಯಿಯ ಹೆಸರನ್ನು ತಂದೆಯ ಜಾಗದಲ್ಲಿ ಹೇಳಿದನಂತೆ. ಮರ್ಯಾದೆ ಉಳಿಯಬೇಕಾದರೆ ನಾನೇ ಬಾಯಿ ಬಿಡಬೇಕಾಯಿತು. ಅವನನ್ನು ಅಂಗಳದಲ್ಲಿ ಕೂರಿಸಿ, ಎರಡು ಡಬ್ಬ ಬೋರಲು ಹಾಕಿಸಿ, ನಾಲಿಗೆಯಲ್ಲೇ ಹೇಳಿಕೊಟ್ಟೆ. ಎಡದ್ದು ತಗ್ಗಿನ ದನಿ, ಬಲದ್ದು ಏರಿನ ದನಿ. ಎಡಕ್ಕೆ ಭಾರ ಹಾಕಬೇಡವೆಂದು ಎಷ್ಟು ಬಡಿದುಕೊಂಡರೂ ಹಾಕುತ್ತಾನೆ.

"ಮಾವ, ಇದನ್ನ ಹತ್ತು ವರ್ಷದ ಹಿಂದೆ ಹೇಳ್ಕೊಟ್ಟಿದ್ರೆ?"

"ಹತ್ತು ವರ್ಷದ ಹಿಂದೆ ನನ್ನ ಕೈ ಇತ್ತು. ಬಾಯಿ ಮುಚ್ಚಿ ಬಾರಿಸು."

ಇದು ಕಲಿಸುವುದಲ್ಲ. ಬೆಂಕಿ ಬಿದ್ದ ಮನೆಗೆ ನೀರು ಹಾಕುವುದು.

ಸಂಜೆ ಅಂತ್ವಿ ಬಂದ. ನನ್ನ ನಗಾರಿಗಳನ್ನು ಕೆತ್ತಿದವನು ಅವನೇ, ಇಬ್ಬರಿಗೂ ಮೀಸೆ ಬರುವ ಮೊದಲಿನ ಸ್ನೇಹ. ಕೋಲೂರಿ ಬಂದು ಕೂತವನು ಎಂದಿನಂತೆ ಮೊದಲು ನನ್ನ ಕೈ ಹಿಡಿದ. ಈ ಊರಿನಲ್ಲಿ ನನ್ನ ಕೈಯನ್ನು ನೋಡದೆ ಹಿಡಿಯುವವನು ಅವನೊಬ್ಬನೇ. ಉಸಿರು ಎಳೆಯುತ್ತಿದ್ದ. ಡಬ್ಬದ ಸದ್ದು ಕೇಳುತ್ತ, "ಕೈ ಭಾರ. ಆದ್ರೆ ಕಿವಿ ಇದೆ ಕಣೋ ಅವನಿಗೆ" ಎಂದ.

"ನಿನ್ನ ಕಿವಿಗೆ ಉಳಿಪೆಟ್ಟು ಕೇಳಿ ಕೇಳಿ ಜಡ್ಡು ಬಂದಿದೆ" ಎಂದೆ.

"ಇರ್ಲಿ. ನನ್ನ ಕಳಿಸೋ ದಿನ ನೀನೇ ಬಾರಿಸು. ನಗಾರಿಗೆ ಅಂತ ಆ ಮರ ಕಡಿದಾಗ ಮರದ ಹತ್ರ ಕ್ಷಮೆ ಕೇಳಿದೋನು ನಾನು. ಅದು ನನ್ನ ಬಗ್ಗೆ ಏನು ಹೇಳುತ್ತೆ ಕೇಳ್ಬೇಕು."

ಸಾಯುವ ಮಾತಾಡಬೇಡ ಎಂದು ಬೈದು ಕಳಿಸಿದೆ.

ಜನವರಿ 22, ಸೋಮವಾರ

ಏನು ಬರೆಯಲಿ, ಸಿಟ್ಟೂ ಬರುತ್ತಿದೆ, ನಗುವೂ ಬರುತ್ತಿದೆ.

ಮುಲಾಮು ಮುಗಿದಿತ್ತು. ತಾಚಿ ತನ್ನ ವ್ಯಾನಿನಲ್ಲಿ ಕುಮಾಸಿಗೆ ಕರೆದುಕೊಂಡು ಹೋದ. ಹೊರಗೆ ಕೂತಿರು ಎಂದರೂ ಒಳಗೆ ಬಂದು ನಿಂತ. ಡಾಕ್ಟರ್ ನನ್ನ ತೋಳು ಎತ್ತಿ ಇಳಿಸಿ ನೋಡುತ್ತ, ಕೀಲು ನೋವು ಇದೆಯೇ ಎಂದಳು. ಇಲ್ಲ ಎಂದೆ. ತಾಚಿಗೆ ಬಾಯಿ ಸುಮ್ಮನಿರಬೇಕಲ್ಲ.

"ಈಗ ಎಲ್ಲಿ ನೋವು ಮೇಡಂ? ಈಗ ಕೈ ಚೆನ್ನಾಗಿ ಏಳುತ್ತೆ, ನನ್ನ ಮೇಲೆ ಚಪ್ಪಲಿ ಎಸೆಯೋಷ್ಟು. ಮೊದಲು ನೋಡ್ಬೇಕಿತ್ತು. ಶನಿವಾರ ಪೂರ್ತಿ ನಗಾರಿ ಬಡಿದು ಬಂದ್ರೆ ಸೋಮವಾರ ತಲೆ ಬಾಚೋಕೂ ಆಗ್ತಿರ್ಲಿಲ್ಲ. ನಿಮ್ಮ ಹತ್ರ ಬರುವಾಗ ಅಂಗಿ ನಾನೇ ತೊಡಿಸಿ ಕಳಿಸ್ತಿದ್ದೆ."

ಡಾಕ್ಟರ್ ಪೆನ್ನು ಕೆಳಗಿಟ್ಟಳು. "ನಗಾರಿ? ಯಾವ ನಗಾರಿ?"

"ಇವರು ಊರಿನ ನಗಾರಿಯವರಲ್ವಾ! ಬೆಳಿಗ್ಗೆಯಿಂದ ಕತ್ತಲಾಗೋವರೆಗೂ."

"ತಾತ, ಮೈ ಮುರಿಯೋ ಕೆಲಸ ಇದೆಯಾ ಅಂತ ಕೇಳಿದ್ದೆನಲ್ಲ?"

"ಅದು ಕೆಲಸ ಅಲ್ಲಮ್ಮ. ಮಾತು."

ಅವಳು ಎರಡು ಕೈಯಲ್ಲೂ ಹಣೆ ಹಿಡಿದುಕೊಂಡಳು. ಆಮೇಲೆ ಹೇಳಿದ್ದು ಇದು: ಅವಳು ನೋಡುತ್ತಿದ್ದ ಕಿಣ್ವಕ್ಕೆ ಮನೆ ಒಂದಲ್ಲ, ಎರಡು. ಲಿವರ್‌ನಲ್ಲೂ ಇರುತ್ತದೆ, ಮಾಂಸಖಂಡದಲ್ಲೂ ಇರುತ್ತದೆ. ತೋಳು ಮಿತಿಮೀರಿ ದುಡಿದರೆ ಅಲ್ಲಿಂದಲೂ ಸೋರಿ ರಕ್ತಕ್ಕೆ ಬರುತ್ತದೆ, ಕೆಲವು ದಿನ ಅಲ್ಲೇ ಸುತ್ತುತ್ತದೆ. ಬೀದಿಯಲ್ಲಿ ಅದನ್ನು ಕಂಡು ಲಿವರ್ ಮನೆಯದೇ ಎಂದು ತೀರ್ಮಾನವಾಯಿತು. ಶನಿವಾರ ಬಾರಿಸುತ್ತಿದ್ದೆ, ಸೋಮವಾರ ರಕ್ತ ಕೊಡುತ್ತಿದ್ದೆ. ಮಾತ್ರೆ ನಿಂತಾಗ ಕೈ ಒಡೆಯಿತು, ಕೈ ಒಡೆದದ್ದಕ್ಕೆ ನಗಾರಿ ನಿಂತಿತು, ನಗಾರಿ ನಿಂತದ್ದಕ್ಕೆ ಕಿಣ್ವ ಇಳಿಯಿತು, ಇಳಿದದ್ದಕ್ಕೆ ಮಾತ್ರೆಯೇ ಅಪರಾಧಿಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ನನ್ನನ್ನು ಅಲ್ಲೇ ಕೂರಿಸಿ ಐಸ್ ಪೆಟ್ಟಿಗೆಯಿಂದ ನನ್ನ ಹಳೆಯ ರಕ್ತ ತೆಗೆಸಿ, ಮಾಂಸಖಂಡದಿಂದಲೇ ಹೆಚ್ಚಾಗಿ ಬರುವ ಇನ್ನೊಂದು ಕಿಣ್ವವನ್ನು ಹುಡುಕಿಸಿದಳು. ಆ ಸೋಮವಾರಗಳ ರಕ್ತದಲ್ಲೆಲ್ಲ ಅದು ಉಕ್ಕಿ ಹರಿದಿತ್ತಂತೆ.

"ಇದು ಅರ್ಧ ಸಾಕ್ಷಿ. ಇನ್ನರ್ಧ ನೀವು ಕೊಡ್ಬೇಕು. ಇವತ್ತಿಂದ ಮಾತ್ರೆ ಶುರು ಮಾಡೋಣ. ಮಾರ್ಚ್ ನಾಲ್ಕಕ್ಕೆ ಮತ್ತೆ ರಕ್ತ ನೋಡೋಣ, ಅಲ್ಲೀವರೆಗೂ ನಗಾರಿ ಮುಟ್ಟಬೇಡಿ. ಮಾತ್ರೆ ನುಂಗಿಯೂ ರಕ್ತ ಶಾಂತವಾಗಿದ್ರೆ ಮಾತ್ರೆ ನಿರಪರಾಧಿ. ಆ ವಾರ ನನಗೆ ಕರಾವಳಿಗೆ ವರ್ಗ. ನನ್ನ ಜಾಗಕ್ಕೆ ಬರೋರಿಗೆ ನಿಮ್ಮ ಮುಖ ಗೊತ್ತಿಲ್ಲ, ಕಾಗದ ಮಾತ್ರ ಗೊತ್ತು. ಮತ್ತೆ ಏರಿದ ಅಂಕಿ ನೋಡಿದ್ರೆ ಈ ಮಾತ್ರೆ ಜನ್ಮದಲ್ಲಿ ಕೊಡಲ್ಲ."

ಮೊದಲೇ ಕೇಳಬಾರದಿತ್ತೇ ಎಂದು ಅವಳ ಮೇಲೆ ರೇಗಬೇಕೆಂದಿದ್ದೆ. ಕೇಳಿದ್ದಳು. ಅದೇ ಸಂಕಟ.

ಮನೆಗೆ ಬಂದ ಮೇಲೆ ಅಕ್ಕನಿಗೆ ಹೇಳಿದೆ, ಕಷಾಯದ್ದು ತಪ್ಪಿಲ್ಲ ಎಂದು. "ಆ ಹುಡುಗಿ ಬಂದು ನನ್ನ ಮಡಕೆಗೆ ಕೈ ಮುಗೀಲಿ" ಎಂದಳು. ಸಾರಿಗೆ ಉಪ್ಪು ಬಂದಿದೆ. ಕಷಾಯ ಮಾತ್ರ ಪರೀಕ್ಷೆ ಮುಗಿಯುವವರೆಗೆ ಅವಳೇ ಕೊಡುತ್ತಿಲ್ಲ. "ಆಮೇಲೆ ಮತ್ತೆ ನನ್ನ ತಲೆಗೆ ಕಟ್ತಾರೆ."

ಫೆಬ್ರವರಿ 10, ಶನಿವಾರ

ಅಂತ್ವಿ ಹೋದ. ನಿನ್ನೆ ಬೆಳಿಗ್ಗೆ, ಕೆತ್ತುವ ಮರದ ದಿಮ್ಮಿಯ ಪಕ್ಕದಲ್ಲೇ.

ಫೆಬ್ರವರಿ 15, ಗುರುವಾರ

ಕಾರ್ಯದ ದಿನ ಗೊತ್ತಾಗಿದೆ. ಮಾರ್ಚ್ ಎರಡು, ಶನಿವಾರ. ನಾನು ರಕ್ತ ಕೊಡಬೇಕಾದದ್ದು ನಾಲ್ಕು, ಸೋಮವಾರ.

ಅಂತ್ವಿಯ ಮನೆಗೆ ಹೋಗಿ ಅವನ ತಮ್ಮನ ಕೈಕಾಲು ಹಿಡಿದೆ. ಒಂದು ವಾರ ಮುಂದಕ್ಕೆ ಹಾಕಿ, ಶವಾಗಾರದಲ್ಲಿ ಹೇಗೂ ತಣ್ಣಗಿದ್ದಾನೆ ಎಂದೆ.

"ಆಗಲ್ಲ ಅಣ್ಣ. ಬ್ಯಾನರ್ ಆಗ್ಲೇ ಕಂಬಕ್ಕೆ ಹತ್ತಿದೆ, ಶಾಮಿಯಾನದೋರಿಗೆ ಹೇಳಿದೆ. ಮುಂದಿನ ಶನಿವಾರ ಪಾದ್ರಿಗೆ ಬೇರೆ ಮೂರು ಹೆಣ ಇವೆ."

ಹೊರಗೆ ಬಂದು ನೋಡಿದರೆ ಕಂಬದ ಮೇಲೆ ಅಂತ್ವಿ ನಗುತ್ತಿದ್ದ. ಆ ನಗುವಿಗೆ ಒಂದು ಕಲ್ಲೆಸೆಯಬೇಕು ಅನ್ನಿಸಿತು. ಸಾಯಲು ಬೇರೆ ವಾರ ಸಿಗಲಿಲ್ಲವೇ ಇವನಿಗೆ?

ಫೆಬ್ರವರಿ 25, ಭಾನುವಾರ

ಕೈ ಬಂದಿದೆ. ಅದೇ ಹೊಟ್ಟೆಯುರಿ. ಬಿರುಕು ಕೂಡಿದೆ, ಹೊಟ್ಟು ನಿಂತಿದೆ, ಗುಲಾಬಿ ಚರ್ಮ ಕಾಣುತ್ತಿದೆ. ಕೈ ಕೆಟ್ಟಿದ್ದರೆ ಆಗುವುದಿಲ್ಲ ಎಂದು ಸುಮ್ಮನಿರಬಹುದಿತ್ತು. ಈಗ ಕೋಲು ಹಿಡಿದರೆ ಹಿಡಿ ಸರಿಯಾಗಿ ಕೂರುತ್ತದೆ. ಇವತ್ತು ಯಾರೂ ಇಲ್ಲದಾಗ ಹಿಡಿದು ನೋಡಿದೆ. ಬಾರಿಸಲಿಲ್ಲ, ಹಿಡಿದೆ ಅಷ್ಟೆ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಬಾರಿಸ್ತೀಯಾ?"

"ಮಾತು ಕೊಡು ಅಂತ ಕೇಳಿದ್ದ ಅಕ್ಕ, ಅವನು."

"ಹೂಂ, ಕೇಳಿದ್ದ. ನೀನು ಬೈದು ಕಳಿಸಿದ್ದೆ, ಕೊಡ್ತೀನಿ ಅಂದಿರ್ಲಿಲ್ಲ. ಹೋಗಲಿ, ಬಾರಿಸು. ಒಂದು ದಿನ ಬಾರಿಸಿ, ಉಳಿದ ಆಯುಷ್ಯ ಕೈಯನ್ನ ಚೀಲದಲ್ಲಿ ಇಟ್ಕೊಂಡು ಓಡಾಡು. ಗುಡಿಸೋಕೆ ನಾನಿದ್ದೀನಲ್ಲ. ನಾನು ಸತ್ತ ಮೇಲೆ ಯಾರು ಗುಡಿಸ್ತಾರೆ, ಅಂತ್ವಿ ಬರ್ತಾನಾ?"

ಅವಳು ಹೋಗುವಾಗ ತಿರುಗಿ, ಮೆಲ್ಲಗೆ, "ಆ ಹುಡುಗಂಗೆ ಅಂತ್ವಿಯ ವಂಶದ ಹೆಸರುಗಳು ಗೊತ್ತಾ?" ಎಂದಳು. ನಲವತ್ತು ದಾಟಿದ ತಾಚಿ ಅವಳಿಗೆ ಇನ್ನೂ ಹುಡುಗ.

ಫೆಬ್ರವರಿ 29, ಗುರುವಾರ

ಗೊತ್ತಿರಲಿಲ್ಲ. ನಾಲ್ಕು ದಿನದಿಂದ ಹೇಳಿಕೊಡುತ್ತಿದ್ದೇನೆ. ವ್ಯಾನು ಮನೆ ಮುಂದೆಯೇ ನಿಂತಿದೆ, ಬಾಡಿಗೆಗೂ ಹೋಗಿಲ್ಲ ಮೂರ್ಖ. ಅಂತ್ವಿಯ ಅಜ್ಜಿಯ ಊರು, ಅವಳು ದಾಟಿ ಬಂದ ಹೊಳೆ, ಅವನು ಕಡಿದ ಮೊದಲ ಮರ. ಹೇಳಿಕೊಡುತ್ತ ನನಗೇ ಮರೆತಿದ್ದ ಎರಡು ಹೆಸರು ನೆನಪಾದವು. ಎಡಗೈ ಭಾರ ಹಾಗೇ ಇದೆ.

ಮಾರ್ಚ್ 3, ಭಾನುವಾರ

ನಿನ್ನೆ ಅಂತ್ವಿಯನ್ನು ಕಳಿಸಿದೆವು.

ಬೆಳಿಗ್ಗೆ ಕಪ್ಪು ಬಟ್ಟೆ ಸುತ್ತಿಕೊಂಡು ಅಭ್ಯಾಸಬಲದಿಂದ ನಗಾರಿಯ ಕಡೆಗೇ ನಡೆದೆ. ತಾಚಿ ಅಲ್ಲಿ ನಿಂತಿದ್ದ. ಎರಡು ಕೋಲನ್ನೂ ಎರಡು ಕೈಯಲ್ಲಿ ಹಿಡಿದು ನನ್ನ ಕಡೆ ಚಾಚಿದ. "ಮಾವ, ನೀವು ಹೇಳಿದ್ರೆ ಈಗ್ಲೂ ಕೊಡ್ತೀನಿ." ಕೋಲಿನ ಕೊಕ್ಕೆ ತಿರುಗಿ ಹೋಗಿತ್ತು, ಸರಿ ಮಾಡಿ ಕೊಟ್ಟು ಬಂದೆ.

ಹಾಗಾದರೆ ಎಲ್ಲಿ ಕೂರುವುದು? ಇಷ್ಟು ವರ್ಷದಲ್ಲಿ ಕಾರ್ಯದ ಮನೆಯಲ್ಲಿ ಕುರ್ಚಿಯ ಮೇಲೆ ಕೂತವನಲ್ಲ ನಾನು. ಅಂತ್ವಿಯ ತಮ್ಮ ಹಿರಿಯರ ಸಾಲಿನಲ್ಲಿ ಜಾಗ ತೋರಿಸಿದ. ಕೂತ ಮೇಲೆ ಹೊಳೆಯಿತು, ಇನ್ನು ಬರುವವರೆಲ್ಲ ಕೈ ಕುಲುಕುತ್ತ ಬರುತ್ತಾರೆ. ನನ್ನ ಕೈಯಲ್ಲಿ ಕೋಲಿಲ್ಲ. ಬಲಗೈಯನ್ನು ಎಲ್ಲಿಡಲಿ ಎಂದೇ ತಿಳಿಯಲಿಲ್ಲ. ಬಟ್ಟೆಯ ಮಡಿಕೆಯಲ್ಲಿ ಇಟ್ಟೆ, ಮತ್ತೆ ತೆಗೆದು ಮಂಡಿಯ ಮೇಲೆ ಇಟ್ಟೆ.

ಆಗ ತಾಚಿ ಶುರು ಮಾಡಿದ. ಬಾರಿಸುವವನು ಮೊದಲು ತಾನು ಯಾರೆಂದು ಹೇಳಿಕೊಳ್ಳಬೇಕು. ನಾನು ಅವನಿಗೆ ಕಲಿಸಿದ್ದು ಅವನ ಹೆಸರು, ಅವನ ತಾಯಿಯ ಹೆಸರು. ಅವನು ಹೇಳಿದ್ದು ಬೇರೆ:

ಬೊನ್ಸು ಕೂತಿದ್ದಾನೆ. ನಾನು ನಿಂತಿದ್ದೇನೆ. ಅಂತ್ವಿ, ಇದು ಅವನ ಮಾತು, ನನ್ನ ಕೈ.

ಇದನ್ನು ನಾನು ಕಲಿಸಿರಲಿಲ್ಲ.

ಊರಿಗೆ ಊರೇ ತಿರುಗಿ ನನ್ನನ್ನು ನೋಡಿತು. ಆಮೇಲೆ ಜನ ಸಾಲಾಗಿ ಬಂದರು. ಮೊದಲನೆಯವನು ಮಣಿಕಟ್ಟು ಮುಟ್ಟಿ ಮುಂದೆ ಹೋದ. ಇನ್ನೊಬ್ಬ ಮುಷ್ಟಿ ಎತ್ತಿ ನಮಸ್ಕಾರದ ಹಾಗೆ ತೋರಿಸಿದ. ಮೇಷ್ಟ್ರು ಬಂದು ಸರಿಯಾಗಿ ಹಿಡಿದರು, ಹಿಡಿದ ಮೇಲೆ ತಮ್ಮ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳಲಿಲ್ಲ. ನಾನು ನೋಡುತ್ತಲೇ ಇದ್ದೆ. ಅವರ ಹಿಂದಿನವರೂ ಹಿಡಿದರು. ಒಬ್ಬಳು ಹೆಂಗಸು ನನ್ನ ಮುಂದೆ ಬಂದಾಗ ಫೋನು ನೋಡಿಕೊಂಡು ತಪ್ಪಿಸಿಕೊಂಡಳು. ಅವಳ ಗಂಡ ಮೊದಲು ನನ್ನಿಂದ ಲಾರಿಗೆ ಅಕ್ಷರ ಬರೆಸಿಕೊಂಡವನು. ಅವನು ನಿಂತ, ಹಿಡಿದ. ಎಲ್ಲರೂ ಒಳ್ಳೆಯವರಾದರು ಎಂದು ಬರೆಯುವಷ್ಟು ಮುದಿಯನಾಗಿಲ್ಲ ನಾನು. ಆದರೆ ಸಾಲು ಮುಗಿದಾಗ ಕೈ ಬೆಚ್ಚಗಿತ್ತು.

ಮಧ್ಯಾಹ್ನ ಅಂತ್ವಿಯ ಹೆಂಡತಿ ತಾನೇ ಎದ್ದು ಬಂದಳು. ಎರಡೂ ಕೈಯಲ್ಲಿ ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿದಳು.

"ಅವರು ಹೇಳ್ತಿದ್ರು, ಬೊನ್ಸುವಿನ ಕೈ ಹಿಡಿದ್ರೆ ಸಿಪ್ಪೆ ತೆಗೆಯದ ಮರ ಹಿಡಿದ ಹಾಗಿರುತ್ತೆ, ನನಗೆ ಅದು ಪರಿಚಯದ ಕೈ ಅಂತ. ಈಗ ನುಣ್ಣಗಾಗಿದೆ. ಅವರು ನೋಡ್ಲಿಲ್ಲ."

ನಾನು ಅತ್ತುಬಿಟ್ಟೆ ಎಂದು ಅಕ್ಕ ಹೇಳುತ್ತಾಳೆ. ಕಣ್ಣಿಗೆ ಧೂಳು ಬಿದ್ದಿತ್ತು, ಅಷ್ಟೆ.

ತಾಚಿ ಅಂತ್ವಿಯ ಅಜ್ಜಿಯನ್ನು ಹೊಳೆ ದಾಟಿಸಿದ. ಮೊದಲ ಮರ ಕಡಿಸಿದ. ಒಂದು ಹೆಸರೂ ತಪ್ಪಲಿಲ್ಲ. ಎಡಕ್ಕೆ ಭಾರ ಹಾಕಿದ.

ಮಾರ್ಚ್ 4, ಸೋಮವಾರ

ರಕ್ತ ಶಾಂತವಾಗಿದೆ. ಎರಡೂ ಕಿಣ್ವ ತಮ್ಮ ತಮ್ಮ ಮನೆಯಲ್ಲಿವೆ. ಮಾತ್ರೆ ನಿರಪರಾಧಿ.

ಡಾಕ್ಟರ್ ಕ್ವಾಂಸಾ ನನ್ನ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದಳು: ಇವರು ನಗಾರಿಯವರು, ರಕ್ತ ತೆಗೆಯುವ ಹಿಂದಿನ ವಾರ ಬಾರಿಸಿದರೋ ಇಲ್ಲವೋ ಕೇಳಿ. ಅಕ್ಷರ ಸೊಟ್ಟಗಿತ್ತು. ಲಾರಿಯ ಮೇಲೆ ಹೀಗೆ ಬರೆದರೆ ಯಾರೂ ಹತ್ತುವುದಿಲ್ಲ ಎಂದೆ. ಹೊರಡುವಾಗ ಅವಳೇ ಕೈ ಚಾಚಿದಳು. ಮುಂದಿನ ರಕ್ತ ಜೂನ್‌ನಲ್ಲಿ. ಅಲ್ಲಿಯವರೆಗೆ ಬೇಕಾದಷ್ಟು ಬಾರಿಸಬಹುದು, ಪರೀಕ್ಷೆಗೆ ಹಿಂದಿನ ವಾರ ಬಿಟ್ಟು.

ಅಕ್ಕ ಅವಳಿಗೆಂದು ಒಂದು ಬಾಟಲಿ ಕಷಾಯ ಕಟ್ಟಿಕೊಟ್ಟಿದ್ದಳು. ಕೊಟ್ಟೆ. ಮೂಸಿ ನೋಡಿ ಮುಖ ಕಿವಿಚಿದಳು. ಅದನ್ನು ಅಕ್ಕನಿಗೆ ಹೇಳುವುದಿಲ್ಲ.

ಮಾರ್ಚ್ 9, ಶನಿವಾರ

ಬೆಳಿಗ್ಗೆಯೇ ತಾಚಿ ಬಾಗಿಲು ತಟ್ಟಿದ. ಇವತ್ತು ಸಂತೆಬೀದಿಯ ಟೈಲರಮ್ಮನ ಕಾರ್ಯ. ಹೆಗಲ ಮೇಲೆ ಗಂಟೆ, ಕೈಯಲ್ಲಿ ನನ್ನ ಕೋಲು.

"ತಗೊಳ್ಳಿ ಮಾವ. ಇನ್ನು ನಿಮ್ದು."

"ರಕ್ತ ಕೊಡೋದಿದೆ. ತೋಳಿಗೆ ವಿಶ್ರಾಂತಿ ಬೇಕಂತೆ."

ಒಳಗಿನಿಂದ ಅಕ್ಕ ಕೂಗಿದಳು: "ಜೂನ್‌ಗಲ್ವೇನೋ ರಕ್ತ ಕೊಡೋದು?"

"ಜೂನ್ ಏನು ದೂರ ಇದೆಯಾ? ನೀನು ಒಲೆ ನೋಡ್ಕೋ."

ತಾಚಿ ನಿಂತೇ ಇದ್ದ. ಗಂಟೆಯನ್ನು ಕೆಳಗಿಟ್ಟ. ಕೋಲನ್ನು ಒಂದು ಸಲ ನೋಡಿ, ನನ್ನನ್ನು ಒಂದು ಸಲ ನೋಡಿ, ಕೋಲು ಹಿಡಿದೇ ಕಾರ್ಯದ ಮನೆಗೆ ನಡೆದ.

ಈಗ ಅಲ್ಲಿಂದ ಕೇಳಿಸುತ್ತಿದೆ. ಪೀಠಿಕೆ ಮುಗಿಸಿದ್ದಾನೆ. ಎಡದ್ದು ಮತ್ತೆ ಭಾರ, ಥೂ. ಬಟ್ಟೆ ಸುತ್ತಿಕೊಂಡು ಹೊರಡುತ್ತೇನೆ. ಸಾಲಿನಲ್ಲಿ ಒಂದು ಕುರ್ಚಿ ಹಿಡಿಯಬೇಕು. ಕೂತು ಕೇಳುವವರು ಯಾರೂ ಇಲ್ಲದಿದ್ದರೆ ಅವನ ಎಡಗೈ ತಿದ್ದುವುದು ಹೇಗೆ?